ನಾಲ್ಕು ಬೆರಳು

ಕಂಪ್ಯೂಟರಿಗೆ ಕರೆಂಟು ಕೊಡುವ ಹಳೆಯ ಎಸ್‌ಎಂಪಿಎಸ್‌ ಡಬ್ಬಿಯ ದಪ್ಪ ಪ್ಲಗ್ಗನ್ನು ಹೊಸ ಮದರ್‌ಬೋರ್ಡಿಗೆ ಒತ್ತಿ ಕೂರಿಸಿದರೆ ಈ ಸಲವೂ ಪಕ್ಕದಲ್ಲಿ ನಾಲ್ಕು ತೂತು ಖಾಲಿ ಉಳಿದವು. ಬೋರ್ಡು ಕೇಳುವುದು ಇಪ್ಪತ್ತನಾಲ್ಕು ಪಿನ್ನು, ಪ್ಲಗ್ಗಿನಲ್ಲಿರುವುದು ಇಪ್ಪತ್ತೇ. ಸ್ವಿಚ್ ಒತ್ತಿದರೂ ಜೀವ ಬರಲಿಲ್ಲ. ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟು ಗೋಡೆಗೆ ಒರಗಿದಳು.

ಎದುರಿನ ಕುರ್ಚಿಯಲ್ಲಿದ್ದ ಗಂಡ ಎಡಗೈ ಎತ್ತಿ ನಾಲ್ಕು ಬೆರಳು ತೋರಿಸಿದ. ಊರವರ ಕಂಪ್ಯೂಟರುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನಿಗೆ ಲಕ್ವ ಹೊಡೆದು, ಮಾತು ನಿಂತು ಆರು ತಿಂಗಳಾಗಿತ್ತು. ಈಗ ಅಂಗಡಿಯೂ ಅವಳ ತಲೆಗೇ, ಅವನ ಆರೈಕೆಯೂ ಅವಳ ತಲೆಗೇ.

“ಮಾತ್ರೆ ನಾಲ್ಕು ಗಂಟೆಗೆ ತಾನೆ? ಕೊಡ್ತೀನಿ, ಸ್ವಲ್ಪ ತಡೀರಿ,” ಎಂದಳು, ರೋಗಿಯ ಹತ್ತಿರ ಆಡುವ ಮೆತ್ತನೆಯ ದನಿಯಲ್ಲಿ. ಅವನು ಅಲ್ಲವೆಂದು ತಲೆಯಾಡಿಸಿ, ಗಾಳಿಯಲ್ಲೇ ಏನನ್ನೋ ಸುಲಿಯುವಂತೆ ಬೆರಳಾಡಿಸಿದ.

ಆಗ ಅವಳ ಕಣ್ಣು ವೈರುಗಳಿಗೆ ಸುತ್ತಿದ್ದ ಕರಿ ಟೇಪಿನ ಮೇಲೆ ಬಿತ್ತು. ಹಳೆಯ ಬೋರ್ಡುಗಳಿಗೆ ಬೇಡದ ವೈರು ಜೋತಾಡಬಾರದೆಂದು ಟೇಪು ಸುತ್ತಿಬಿಡುವುದು ಅವನ ಹಳೆಯ ಚಾಳಿ. ಉಗುರು ಹಾಕಿ ಸುಲಿದಳು. ಹಿಂದಕ್ಕೆ ಮಡಚಿಟ್ಟಿದ್ದ ನಾಲ್ಕು ಪಿನ್ನಿನ ಪುಟ್ಟ ಪ್ಲಗ್ಗು ಹೊರಬಂದು, ಖಾಲಿ ಜಾಗದಲ್ಲಿ ಟಕ್ಕನೆ ಕೂತಿತು. ಸ್ವಿಚ್ ಒತ್ತಿದ್ದೇ ತಡ, ಫ್ಯಾನು ತಿರುಗಿತು.

“ಅಲ್ಲಾ ರೀ, ಬೆಳಗ್ಗೆಯಿಂದ ಒದ್ದಾಡ್ತಿದ್ದೀನಿ, ಮೊದ್ಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮ್ಗೆ?” ಎಂದು ಹಿಂದಿನಂತೆಯೇ ರೇಗಿಬಿಟ್ಟಳು. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು.

ಅವನು ಅರ್ಧ ಬಾಯಲ್ಲೇ ನಗುತ್ತಿದ್ದ, ಕಾಯಿಲೆ ಬಿದ್ದ ಮೇಲೆ ಮೊದಲ ಸಲ.