ಮಾವನೆದುರಿನ ನೋವು

ಡಾಕ್ಟರ್ ಆಯೆಷಾ ಸ್ನೇಹಲ್‌ಳ ಕಾಲಿನ ಹೆಬ್ಬೆರಳು ಹಿಡಿದು ಮೆಲ್ಲಗೆ ಮೇಲಕ್ಕೆಳೆದರು. "ನೋಯ್ತದೇನ್ ಬೇಟಾ?"

ಸ್ನೇಹಲ್‌ಳ ಕಣ್ಣು ಮಂಚದ ಬಳಿ ನಿಂತಿದ್ದ ಮಾವ ಕಾಶಿರಾಮನತ್ತ ಹೊರಳಿತು. ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. "ಇಲ್ರಿ."

"ನಮ್ಮ ಸೊಸಿ ಭಾಳ ಗಟ್ಟಿ ಅದಾಳ್ರಿ ಮೇಡಂ," ಕಾಶಿರಾಮ ಹೆಮ್ಮೆಯಿಂದ ಹೇಳಿದ. "ಮುಂಜಾನಿ ಟ್ರಾಲಿ ಮ್ಯಾಲಿಂದ ಸೋಯಾ ಚೀಲ ಉರುಳಿ ಕಾಲ ಮ್ಯಾಲ ಬಿತ್ತು. ಎಲುಬು ಮುರದ್ರೂ ಹುಲಸೂರಿಂದ ಬಸವಕಲ್ಯಾಣ ಬರೂತನಾ ಒಮ್ಮೆನೂ ಅಯ್ಯೋ ಅಂದಿಲ್ಲ."

"ಅದೇ ನನಗ ಅಂಜಿಕಿ, ಕಾಕಾ."

ಮೊಣಕಾಲಿನ ಕೆಳಗೆ ಕಾಲು ಊದಿ ಕಲ್ಲಾಗಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು. ಆಯೆಷಾ ಸೂಜಿಯಿದ್ದ ಪುಟ್ಟ ಯಂತ್ರ ತರಿಸಿದರು. "ಒಳಗ ಮಾಂಸ ಬಾತ್ರ ಹಿಗ್ಗಾಕ ಜಾಗಾ ಇಲ್ಲ. ಒತ್ತಡ ಏರಿ ರಕ್ತ ನಿಲ್ತದ. ಎಷ್ಟ ಏರ್ಯಾದ ನೋಡಬೇಕು."

ಸೂಜಿ ಇಳಿಯಿತು. ಸ್ನೇಹಲ್ ಸೆರಗಿನ ತುದಿ ಕಚ್ಚಿಕೊಂಡಳು. ಕಥೆಯ ರಾಕ್ಷಸನ ಜೀವ ದೂರದ ಗಿಳಿಯೊಳಗೆ ಇರುವಂತೆ, ಅವಳ ಕಾಲಿನ ಜೀವ ಈಗ ಆ ಯಂತ್ರದ ಸಣ್ಣ ಕಿಟಕಿಯಲ್ಲಿತ್ತು. ಹದಿನೆಂಟು. ಮೂವತ್ತೊಂದು. ನಲವತ್ತಾರಕ್ಕೆ ಬಂದು ನಿಂತಿತು.

"ಹತ್ತರೊಳಗ ಇರಬೇಕಿತ್ತು," ಆಯೆಷಾ ಎಂದರು. "ಈಗಿಂದೀಗ ಕೊಯ್ದು ಒತ್ತಡ ಬಿಡಿಸಬೇಕು. ಆದ್ರ ಇಷ್ಟ ಏರಿದಾಗ ಬೆರಳು ಎಳದ್ರ ಜೀವ ಹೋದಂಗ ಆಗಬೇಕು. ಇಕಿ ಇಲ್ಲ ಅಂತಾಳ. ಒಂದೋ ಸುಳ್ಳು ಹೇಳಾಕತ್ತಾಳ, ಇಲ್ಲಾ ಕಾಲು ಆಗಲೇ ಸತ್ತದ."

ಕಾಶಿರಾಮ ಸೊಸೆಯತ್ತ ಬಾಗಿದ. ಮದುವೆಯಾಗಿ ಬಂದಾಗಿನಿಂದ ಅವಳ ದನಿ ಅವನೆದುರು ಏರಿದ್ದೇ ಇಲ್ಲ. ಅದನ್ನು ಅವನು ಊರೆಲ್ಲ ಹೇಳಿಕೊಂಡು ತಿರುಗಿದ್ದ.

"ಹೇಳವ್ವ, ನಾಚಬ್ಯಾಡ," ಎಂದ.

ಅವಳು ಮುಖವನ್ನು ಗೋಡೆಗೆ ತಿರುಗಿಸಿದಳು.

"ಕಾಕಾ, ನೀವು ಹೊರಗ ಹೋಗ್ರಿ."

ಹೋದ. ಬಾಗಿಲು ಮುಚ್ಚಿತು. ಒಳಗಿನಿಂದ ಡಾಕ್ಟರ್ ದನಿ ಬಂತು: "ಈಗ ಹೇಳು, ಬೇಟಾ." ಆಮೇಲೆ ಏನೂ ಇಲ್ಲ. ಕಾಶಿರಾಮ ತಲೆಯ ಟೋಪಿ ತೆಗೆದು ಎದೆಗೊತ್ತಿಕೊಂಡು ಬಾಗಿಲಿಗೆ ಕಿವಿಯಿಟ್ಟ. ಒದರವ್ವ, ನನ್ನ ತಾಯಿ, ಒದರು...

"ಯವ್ವಾ! ಸತ್ತೆ!"

ಕೂಗು ಆಸ್ಪತ್ರೆಯ ಗೇಟಿನವರೆಗೆ ಹೋಯಿತು. ಬೆಂಚಿನ ಮೇಲಿದ್ದವರೆಲ್ಲ ಬೆಚ್ಚಿ ಇತ್ತ ತಿರುಗಿದರು.

"ನಮ್ಮ ಸೊಸಿರಿ," ಎಂದ ಕಾಶಿರಾಮ, ಟೋಪಿಯಿಂದ ಕಣ್ಣೊರೆಸಿಕೊಳ್ಳುತ್ತ, ಅದೇ ಹೆಮ್ಮೆಯಿಂದ.