ಫ್ರಿಜ್ ಬೇಡದ ಔಷಧಿ

"ಈ ಸಲ ಫ್ರಿಜ್ಜಲ್ಲಿ ಇಡಬೇಕಾಗಿಲ್ಲದ ಪ್ರೊಬಯಾಟಿಕ್ ಕೊಡಿ," ಎಂದಳು ನಳಿನಾಕ್ಷಿ. ಕಂಕುಳಲ್ಲಿದ್ದ ಮಗುವಿನ ಹೊಟ್ಟೆ ಬಲು ಸೂಕ್ಷ್ಮ. ಅದಕ್ಕೆಂದು ಅವಳು ಇಷ್ಟು ದಿನ ಒಯ್ಯುತ್ತಿದ್ದುದು ತಣ್ಣಗಿಡಬೇಕಾದ ಹನಿಗಳನ್ನು.

"ಊರಿಗೆ ಹೊರಟ್ರಾ?" ಔಷಧಿ ಅಂಗಡಿಯವನು ಕೇಳಿದ.

"ಇವನು ಹೊರಟಿದಾನೆ. ಅಲ್ಲಿ ಕರೆಂಟು ಸರಿಯಾಗಿರಲ್ಲ."

ಅವನು ಪುಡಿಯ ಪೊಟ್ಟಣಗಳನ್ನು ಮುಂದಿಟ್ಟ. "ಇದನ್ನ ಹೊರಗೇ ಇಡಬಹುದು. ಆದ್ರೆ ಒಲೆ ಹತ್ರ, ಬಿಸಿಲಲ್ಲಿ ಬೇಡ. ಬಿಸಿ ಹಾಲಿಗೆ ಹಾಕಿದ್ರೆ ಇದರಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾ ಸತ್ತುಹೋಗತ್ತೆ. ನಿಮಗೆ ಗೊತ್ತಲ್ಲ?"

"ಗೊತ್ತು. ಆದ್ರೂ ಇನ್ನೊಂದ್ಸಲ ನಿಧಾನವಾಗಿ ಹೇಳಿ."

ಅವನು ಹೇಳಿದ. ನಳಿನಾಕ್ಷಿಯ ಪಕ್ಕದಲ್ಲಿ ನಿಂತಿದ್ದ ಯುವತಿಯೂ ತಲೆಯಾಡಿಸುತ್ತ ಕೇಳಿಸಿಕೊಂಡಳು.

"ಮೊಸರಲ್ಲಿ ಕಲಸಿದ್ರೆ ತಿಂತಾನೆ," ನಳಿನಾಕ್ಷಿ ಅವಳತ್ತ ತಿರುಗಿದಳು. "ಉಗುಳಿದ್ರೆ ಬೈಬೇಡಮ್ಮ. ಸ್ವಲ್ಪ ಹೊತ್ತು ಬಿಟ್ಟು ಕೊಡು."

"ನಿಮ್ಮ ತಂಗೀನಾ?" ಎಂದ ಅಂಗಡಿಯವನು.

ಮಗು ನಳಿನಾಕ್ಷಿಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅವಳು ಆ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು.

"ತಂಗಿ ಇವನನ್ನ ಹೆತ್ತು ತೀರಿಕೊಂಡ್ಲು. ಇವಳು ಇವನಪ್ಪನ ಹೊಸ ಹೆಂಡತಿ. ಇನ್ಮೇಲೆ ಇವನು ಅಮ್ಮ ಅನ್ನೋದು ಇವಳನ್ನೇ."