ಅದು ಮೆಣಸಿನಕಾಯಿಯ ಉರಿಯಾಗಿರಲಿಲ್ಲ

ಮನೆಯಲ್ಲಿ ನಲವತ್ತು ದಾಟಿದ ಹೆಣ್ಣುಮಕ್ಕಳಿದ್ದರೆ ಇದನ್ನು ಅರ್ಧಕ್ಕೆ ಬಿಡಬೇಡಿ...

ಬ್ಯಾಡಗಿ ಕಡೆಯ ಒಂದು ಊರು. ಅಲ್ಲಿನ ಹೆಂಗಸರು ಗೋದಾಮಿನಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ.

ಕೆಲಸದಿಂದ ಬಂದವರು ಖಾರ ಮೆತ್ತಿದ ಸೀರೆಯನ್ನು ಬೇರೆ ಬಕೆಟ್‌ನಲ್ಲೇ ನೆನೆಸಬೇಕು. ಮನೆಬಟ್ಟೆಯ ಜೊತೆ ನೆನೆಸಿದರೆ ಮುಗಿಯಿತು... ಉಟ್ಟವರ ಮೈಯೆಲ್ಲ ಉರಿ.

ಅಲ್ಲೇ ತೊಟ್ಟು ಬಿಡಿಸುವ ನಲವತ್ತಾರು ವರ್ಷದ ಫಕ್ಕೀರವ್ವನಿಗೆ ಎಂಟು ತಿಂಗಳಿಂದ ಇಂಥದ್ದೇ ಉರಿ. ಎದೆಯಿಂದ ಎದ್ದು ಕುತ್ತಿಗೆ, ಮುಖಕ್ಕೆ ಏರುತ್ತಿತ್ತು. ಬೆವರು ಕಿತ್ತುಕೊಂಡು ಬರುತ್ತಿತ್ತು.

ರಾತ್ರಿ ನಿದ್ದೆ ಇಲ್ಲ. ಬೆಳಗಾದರೆ ಯಾರನ್ನು ಕಂಡರೂ ಸಿಡಿಮಿಡಿ.

ಸೊಸೆ ಪೂರ್ಣಿಮಾ ಮನೆಗೆ ಬಂದೂ ಎಂಟೇ ತಿಂಗಳು... ಬಟ್ಟೆ ಒಗೆಯುವವಳೂ ಅವಳೇ.

ಇನ್ನೇನು ಬೇಕು? ಅತ್ತೆಗೆ ಅನುಮಾನ ಗಟ್ಟಿಯಾಯಿತು. ಇವಳು ಬೇಕಂತಲೇ ನನ್ನ ಸೀರೆಗೆ ಖಾರ ತಾಗಿಸುತ್ತಾಳೆ!

ಒಂದು ಬೆಳಿಗ್ಗೆ ಒಲೆಯ ಮುಂದೆ ಮತ್ತೆ ಉರಿ ಎದ್ದಿತು...

“ನನ್ನ ಸುಟ್ಟು ಸಾಯಿಸಾಕ ಬಂದೀಯೇನಲೇ?”

“ನಾ ಏನೂ ಮಾಡಿಲ್ರೀ ಅತ್ತಿ... ನಿಮ್ಮಾಣಿ!”

ಫಕ್ಕೀರವ್ವ ಅವಳ ಜಡೆ ಹಿಡಿದು ಗೋಡೆಗೆ ಅಪ್ಪಳಿಸಿದಳು. ತಪ್ಪಿಸಿಕೊಂಡು ಬಾಗಿಲಿಗೆ ಓಡಿದವಳ ಮೇಲೆ ಕಬ್ಬಿಣದ ಊದುಗೊಳವೆ ಬೀಸಿದಳು. ಹಣೆ ಒಡೆಯಿತು. ರಕ್ತ ಇಬ್ಬರ ಸೀರೆಗೂ ಹಾರಿತು.

ದಿನವಿಡೀ ಕೆಂಪು ನೋಡುವ ಕಣ್ಣು ಈ ಕೆಂಪಿಗೆ ಹೆದರಿತು... ಕೈಯಿಂದ ಊದುಗೊಳವೆ ಜಾರಿತು.

ರಕ್ತದ ಸೀರೆ ಬಿಚ್ಚಿ, ಟ್ರಂಕಿನಿಂದ ಒಂದು ಹೊಸ ಸೀರೆ ತೆಗೆದು ಉಟ್ಟಳು. ಆಟೋ ಹಿಡಿದು ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ದಳು. ಹಣೆಗೆ ಐದು ಹೊಲಿಗೆ ಬಿತ್ತು.

“ಏನಾತವ್ವಾ?” ಡಾಕ್ಟರಮ್ಮ ಕೇಳಿದರು.

“ಬಚ್ಚಲದಾಗ ಜಾರಿ ಬಿದ್ನಿರಿ...” ಅಂದಳು ಪೂರ್ಣಿಮಾ, ಅತ್ತೆಯ ಕಡೆ ನೋಡದೆ.

ಆಗಲೇ ಫಕ್ಕೀರವ್ವನ ಎದೆಯಲ್ಲಿ ಮತ್ತದೇ ಉರಿ! ಫ್ಯಾನಿನ ಕೆಳಗೇ ಬೆವರು ಇಳಿಯಿತು.

ಅವಳು ಮೈಮೇಲಿನ ಸೀರೆ ನೋಡಿಕೊಂಡಳು. ಮಡಿಕೆ ಬಿಚ್ಚಿದ್ದೇ ಇವತ್ತು... ಸೊಸೆ ಅದನ್ನು ಕೈಯಲ್ಲೂ ಮುಟ್ಟಿರಲಿಲ್ಲ.

ಫಕ್ಕೀರವ್ವ ಅಲ್ಲೇ ಕುಸಿದಳು. “ಆಕಿ ಬಿದ್ದಿಲ್ರೀ ಡಾಕ್ಟರ... ನಾನ ಹೊಡದೇನಿ. ತಪ್ಪ ತಿಳಕೊಂಡ ಹೊಡದೇನಿ!”

ಡಾಕ್ಟರಮ್ಮ ಎಲ್ಲ ಕೇಳಿದರು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದೆ ಎಂದು ತಿಳಿದ ಮೇಲೆ ನಿಧಾನವಾಗಿ ಹೇಳಿದರು.

“ಇದು ಖಾರ ಅಲ್ಲವ್ವಾ. ಮುಟ್ಟು ನಿಲ್ಲೂ ಮುಂಚೆ ಹಾರ್ಮೋನ್ ಏರುಪೇರು ಆಗ್ತಾವು. ಮೈ ಉರಿ, ಬೆವರು, ನಿದ್ದಿಗೇಡು, ಸಿಟ್ಟು... ಎಲ್ಲಾ ಅದರಿಂದ ಬರಬಹುದು. ಬಿಪಿ, ಥೈರಾಯ್ಡ್ ನೋಡೂಣು. ಔಷಧ ಐತಿ.”

ಆಮೇಲೆ ಅವರ ದನಿ ಗಟ್ಟಿಯಾಯಿತು.

“ಉರಿ ಬಂದದ್ದು ನಿನ್ನ ತಪ್ಪಲ್ಲ. ಕೈ ಎತ್ತಿದ್ದು ನಿನ್ನ ತಪ್ಪು.”

ಅಷ್ಟರಲ್ಲಿ ಪೂರ್ಣಿಮಾಳ ತಾಯಿ ಕಸ್ತೂರೆವ್ವ ನೆರೆಮನೆಯವರಿಂದ ಸುದ್ದಿ ತಿಳಿದು ಬಿರುಗಾಳಿಯಂತೆ ನುಗ್ಗಿದಳು. ಬಂದವಳೇ ಬೀಗತಿಯ ಕೆನ್ನೆಗೆ ಎರಡು ಬಾರಿಸಿದಳು!

“ನನ್ನ ಮಗಳ ಹಣಿ ಒಡದೀಯಲ್ಲ... ನಿನ್ನ ಕೈ ಕಡದ ಹಾಕ್ತೀನಿ!”

ಫಕ್ಕೀರವ್ವ ಮುಖ ಸಹ ಮುಚ್ಚಿಕೊಳ್ಳಲಿಲ್ಲ.

“ಹೊಡೀರಿ ಬೀಗರ... ಆಕಿನ್ನ ಕರಕೊಂಡ ಹೋಗ್ರಿ. ನನ್ನ ಕೈ ನನ್ನ ಹಿಡಿತಕ್ಕ ಬರೂತನಕ ಕಳಸಬ್ಯಾಡ್ರಿ. ಬಂದ ಮ್ಯಾಲೆ ನಾನ ಬಂದು ಆಕಿ ಕಾಲ ಹಿಡೀತೀನಿ.”

ಕಸ್ತೂರೆವ್ವ ಮತ್ತೆ ಕೈ ಎತ್ತಿದಳು. ಪೂರ್ಣಿಮಾ ಅಡ್ಡ ಬಂದಳು.

“ಸಾಕ ಬಿಡವ್ವಾ! ಲಗ್ನದ ಮುಂಚೆ ನೀನೂ ನನ್ನ ಕೈಗೆ ಕಾದ ಸೌಟ ಇಟ್ಟಿದ್ದಿ... ಆಮೇಲೆ ‘ನನಗೇನ ಆಗೇತೋ ತಿಳೀವಲ್ದು’ ಅಂತ ಅತ್ತಿದ್ದಿ. ಅತ್ತಿಗೂ ಅದ ಆಗೇತಂತ.”

ಎತ್ತಿದ ಕೈ ಇಳಿಯಿತು...

ಕಸ್ತೂರೆವ್ವ ಮಗಳ ಮೊಣಕೈ ಹತ್ತಿರದ ಸುಟ್ಟ ಕಲೆಯನ್ನೇ ನೋಡುತ್ತ ನಿಂತಳು. ಆಮೇಲೆ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು, ಫಕ್ಕೀರವ್ವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಳು.

“ಡಾಕ್ಟರಮ್ಮಾ... ನನಗೂ ಒಂದ ಚೀಟಿ ಬರದ ಕೊಡ್ರೀ.”

---

*ಒಳಗಿನ ಉರಿಗೆ ಔಷಧ ಇದೆ... ಆದರೆ ಕೈ ಎತ್ತುವ ಮೊದಲು ಬಾಯಿ ಬಿಟ್ಟು ಹೇಳಬೇಕು.*

“ಈಚೆಗೆ ಅವಳಿಗೆ ಸಿಟ್ಟು ಜಾಸ್ತಿ” ಎಂದು ನೀವು ಯಾರನ್ನು ದೂರುತ್ತೀರೋ... ಅವರಿಗೆ ನಿನ್ನೆ ರಾತ್ರಿ ನಿದ್ದೆ ಬಂತಾ ಅಂತ ಒಮ್ಮೆಯಾದರೂ ಕೇಳಿದ್ದೀರಾ?